ಮಂಚದಲ್ಲಿ ಬೆಳೆದ ಪೊರೆ

ಎತ್ತಿದರೆ ಹರಿಯಬಹುದು; ಎತ್ತದಿದ್ದರೆ ಎಷ್ಟು ದಪ್ಪ ಬಂದಿದೆಯೆಂದು ಗೊತ್ತಾಗುವುದಿಲ್ಲ. ಅವನು ಮಂಚದ ಅಂಚಿಗೆ ಎದೆಯೊತ್ತಿ ಕೂತು, ತೋರುಬೆರಳಿನಿಂದ ಒಂದು ಮೂಲೆಯನ್ನು ಮೆಲ್ಲಗೆ ಅದುಮಿದ. ತಗ್ಗಿತು. ಬೆರಳು ತೆಗೆದ ಮೇಲೆ ಉಸಿರು ಬಿಟ್ಟ ಹಾಗೆ ಮೇಲೆ ಬಂತು. ಅವನಿಗೆ ಯಾರನ್ನಾದರೂ ಕೂಗಿ ಕರೆಯಬೇಕೆನ್ನಿಸಿತು.

ಮಂಚ ಮಗಳದು. ಅಡಿಯಲ್ಲಿ ಸಾಮಾನು ತುಂಬಿಡುವ, ಪೆಟ್ಟಿಗೆಯಂಥ ಮಂಚ. ಹಾಸಿಗೆಯನ್ನೂ ಹಲಗೆಗಳನ್ನೂ ತೆಗೆದು, ಒಳಗೆ ದಪ್ಪ ಪ್ಲಾಸ್ಟಿಕ್ ಹೊದಿಸಿ, ಸಕ್ಕರೆ ಕದಡಿದ ಹಾಲಿಲ್ಲದ ಚಹಾ ತುಂಬಿದ್ದ. ಮಗಳು ಹಾಲ್‌ನಲ್ಲಿ ಮಲಗುವುದನ್ನು ಅಭ್ಯಾಸ ಮಾಡಿಕೊಂಡಳು. ಅವಳ ಹಾಸಿಗೆ ಇದ್ದ ಜಾಗದಲ್ಲಿ ಈಗ ಅಷ್ಟೇ ಉದ್ದಕ್ಕೆ, ಅಷ್ಟೇ ಅಗಲಕ್ಕೆ ಒಂದು ಪೊರೆ ಮಲಗಿತ್ತು. ಬಿಳಿಯೆನ್ನಲು ಬಾರದು, ಕಂದು ಎನ್ನಲೂ ಬಾರದು. ನಿದ್ದೆಯಿಂದ ಈಗಷ್ಟೇ ಎದ್ದವರ ಕೆನ್ನೆಯ ಬಣ್ಣ.

ಚಹಾದಲ್ಲಿ ಬಿಟ್ಟ ಕಣ್ಣಿಗೆ ಕಾಣದ ಜೀವಿಗಳು ಸಕ್ಕರೆ ತಿಂದು ನೂಲು ಬಿಡುತ್ತವೆ. ನೂಲಿಗೆ ನೂಲು ಹೆಣೆದುಕೊಂಡು ಹಾಳೆಯಾಗುತ್ತದೆ. ಒಣಗಿಸಿದರೆ ಚರ್ಮದಂತೆ ಕತ್ತರಿಸಬಹುದು, ಹೊಲಿಯಬಹುದು. ಮನೆಯಲ್ಲಿ ಆಗಲೇ ಅವನು ಬೆಳೆಸಿದ ಸಾಮಾನುಗಳಿದ್ದವು: ಹಾಲ್‌ನ ದೀಪದ ಮುಸುಕು, ಅವನ ಕನ್ನಡಕದ ಚೀಲ, ಹೆಂಡತಿಗೆ ಒಂದು ಜೊತೆ ಚಪ್ಪಲಿ. ಚಪ್ಪಲಿಯನ್ನು ಅವಳು ಮರೆತು ಬಚ್ಚಲಿಗೆ ಹಾಕಿಕೊಂಡು ಹೋಗಿ, ಅವು ನೀರು ಕುಡಿದು ಊದಿಕೊಂಡು, ಹೊರಗೆ ಬರುವಾಗ ಕಾಲಿಗೆ ಎರಡು ಹಸಿ ಮೀನು ಕಟ್ಟಿಕೊಂಡಂತಾಗಿತ್ತು. ಅವಳು ನಕ್ಕಿದ್ದಳು. ಅವಳು ಹಾಗೆ ನಕ್ಕದ್ದು ಅದೇ ಕೊನೆಯೆಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು. ಯೋಚಿಸಿದರೆ ನಡುವೆ ಬೇರೆ ನಗುಗಳೂ ಇದ್ದಿರಬೇಕು.

"ರೀ, ನಿಮ್ಮ ಬಟ್ಟೆ ಇನ್ನೂ ತೆಗೆದಿಟ್ಟಿಲ್ಲ," ಅಡಿಗೆಮನೆಯಿಂದ ಅವಳ ದನಿ.

"ಇಡ್ತೀನಿ."

"ನೀಲಿ ಸೂಟ್‌ಕೇಸ್ ನಿಮಗೇ ಅಂತ ಬಿಟ್ಟಿದೀನಿ."

"ಹೂಂ."

ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ. ಮುಖದಲ್ಲಿ ಇನ್ನೂ ಆ ಹಿಗ್ಗು ಇತ್ತು. "ನಮ್ಮವರು ರಾತ್ರಿಯೆಲ್ಲ ಒಳ್ಳೇ ಕೆಲಸ ಮಾಡಿದಾರೆ," ಎಂದ.

ಹೆಂಡತಿ ಲೋಟ ಒರೆಸಿ ಕಾಗದದಲ್ಲಿ ಸುತ್ತುತ್ತಿದ್ದಳು. "ಯಾರು ನಮ್ಮವರು?" ಎಂದಳು. ತಲೆ ಎತ್ತಲಿಲ್ಲ. ಅವನು ನಕ್ಕುಬಿಟ್ಟ, ಅವಳು ತಮಾಷೆ ಮಾಡಿದಳೆಂದು ಇಬ್ಬರೂ ಒಪ್ಪಿಕೊಂಡವರಂತೆ.

ಅವಳು ಫಿಸಿಯೋಥೆರಪಿಸ್ಟ್. ಬೇರೆ ಊರಿನ ಆಸ್ಪತ್ರೆಗೆ ಸೇರಿ ಒಂದು ವರ್ಷವಾಗಿತ್ತು. ಶನಿವಾರ ಬರುತ್ತಿದ್ದಳು, ಭಾನುವಾರ ಸಂಜೆಯ ರೈಲಿಗೆ ಹೋಗುತ್ತಿದ್ದಳು. ಇದೂ ಅಂಥದೇ ಒಂದು ಭಾನುವಾರ. ವ್ಯತ್ಯಾಸವೆಂದರೆ ಈ ಸಲ ಮೂರು ಟಿಕೆಟ್. ಅಲ್ಲಿ ಮನೆ ಸಿಕ್ಕಿತ್ತು, ಮಗಳಿಗೆ ಶಾಲೆ ಸಿಕ್ಕಿತ್ತು. ಅವನು ಕೆಲಸ ಬಿಡುವುದಾಗಿ ಕಾರ್ಖಾನೆಯಲ್ಲಿ ಹೇಳಿಯಾಯಿತೆಂದು ಒಂದು ದಿನ ಫೋನಿನಲ್ಲಿ ಹೇಳಿದ್ದ. ಹೇಳುವಾಗ ಅದು ನಿಜವೆಂದೇ ಅವನಿಗೆ ತೋರಿತ್ತು. ಹೇಳಿದ ಮೇಲೆ, ಕೆಲಸ ಅರ್ಧ ಮುಗಿದ ಸಮಾಧಾನವೂ ಆಗಿತ್ತು.

"ಈ ಹಾಳೆಯೊಂದು ಎದ್ದುಬಿಡಲಿ," ಎಂದಿದ್ದ ಆಗ. "ಅದರಲ್ಲಿ ಮಗಳಿಗೆ ಶಾಲೆ ಬ್ಯಾಗ್ ಮಾಡಿಕೊಡ್ತೀನಿ. ಮಂಚ ಖಾಲಿಯಾದ ಮೇಲೆ ನನಗೆ ಇಲ್ಲಿ ಏನು ಕೆಲಸ?"

ಮಂಚ ಇವತ್ತು ಖಾಲಿಯಾಗುವುದಿತ್ತು.

*

ಭಾನುವಾರವೂ ಒಂದು ಗಳಿಗೆ ಕಾರ್ಖಾನೆಗೆ ಹೋಗಿಬರಲೇಬೇಕು. ಅದು ಬಾಟಲಿಗಳಿಗೆ ನೀರು ತುಂಬುವ ಕಾರ್ಖಾನೆ. ಹಿಂದಿನ ದಿನದ ನೀರನ್ನು ಗಾಜಿನ ತಟ್ಟೆಗಳಿಗೆ ಹಾಕಿ, ಮೈಬಿಸಿಯಷ್ಟೇ ಬೆಚ್ಚಗಿರುವ ಒಂದು ಕಪಾಟಿನಲ್ಲಿ ಇಟ್ಟಿರುತ್ತಾರೆ. ನೀರಿನಲ್ಲಿ ಜೀವವಿದ್ದರೆ ತಟ್ಟೆಯಲ್ಲಿ ಚುಕ್ಕೆಗಳೇಳುತ್ತವೆ. ಅವನ ಕೆಲಸ ಆ ಚುಕ್ಕೆಗಳನ್ನು ಹುಡುಕುವುದು, ಮತ್ತು ಸಿಗಲಿಲ್ಲವೆಂದು ಸಹಿ ಹಾಕುವುದು. ಸೂಕ್ಷ್ಮಜೀವಿಗಳ ಬಗ್ಗೆ ಇಷ್ಟೆಲ್ಲ ಓದಿ, ಬದುಕಿಡೀ ಅವು ಇಲ್ಲವೆಂದು ಬರೆಯುತ್ತ ಕೂರುವುದು ಅವನ ಪಾಲಿಗೆ ಬಂದಿತ್ತು.

ತಟ್ಟೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದ. ಖಾಲಿ. ಖಾಲಿ. ಎಲ್ಲವೂ ತೊಳೆದ ಹಾಗೆ ಖಾಲಿ. 'ಪತ್ತೆಯಾಗಿಲ್ಲ' ಎಂದು ಬರೆದ. ಇಂಥ ತಟ್ಟೆಗಳನ್ನು ನೋಡಿದ ದಿನ ಅವನಿಗೆ ಮೊದಲೆಲ್ಲ ತಲೆನೋವು ಬರುತ್ತಿತ್ತು. ಈಗ ಮನೆಯಲ್ಲಿ ಮಂಚವಿತ್ತು. ಅದನ್ನು ನೆನೆದರೆ ಸಾಕು, ಬೆರಳುಗಳು ತಾವೇ ಚುರುಕಾಗುತ್ತಿದ್ದವು.

ಲ್ಯಾಬ್ ನೋಡಿಕೊಳ್ಳುವ ಮೇಡಂ ಕಿಟಕಿಯ ಹತ್ತಿರ ಸೇಬು ಹೆಚ್ಚುತ್ತಿದ್ದರು. "ನೀವು ಇವತ್ತು ಬರಲ್ಲ ಅಂದ್ಕೊಂಡಿದ್ದೆ. ಮನೆಯವರು ಊರಿಗೆ ಹೊರಡೋ ದಿನ ಅಲ್ವ?"

"ಸಂಜೆಗೆ."

"ಮಗಳನ್ನೂ ಕರ್ಕೊಂಡು ಹೋಗ್ತಾರಂತೆ?"

"ಹೌದು."

"ಮನೆ ಬಿಕೋ ಅನ್ನುತ್ತೆ ನಿಮಗೆ."

ಈಗ ಹೇಳಿಬಿಡಬೇಕು. ಅವನು ಅದಕ್ಕೆಂದೇ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. "ಮೇಡಂ, ನಿಮ್ಮ ಹತ್ರ ಒಂದು ವಿಷಯ ಮಾತಾಡ್ಬೇಕಿತ್ತು."

ಅವರು ಚಾಕು ಕೆಳಗಿಟ್ಟರು. "ಹೇಳಿ."

ಕೊಳಾಯಿಯಿಂದ ಒಂದು ಹನಿ ಬಿತ್ತು. ಇನ್ನೊಂದು ಹನಿ ತುಂಬಿಕೊಳ್ಳುತ್ತಿತ್ತು. ಅದು ಬೀಳಲಿ ಎಂದು ಕಾದ. ಬಿತ್ತು.

"ಒಂದು ಬಾಟಲಿ ಗ್ಲಿಸರಿನ್ ಸಿಗುತ್ತಾ?"

ಮೇಡಂ ನಕ್ಕರು. "ಅಯ್ಯೋ ದೇವರೇ, ಇಷ್ಟಕ್ಕೆ ಈ ಮುಖಾನಾ? ನಾನು ಏನೋ ಅಂದ್ಕೊಂಡೆ. ಆ ಕಪಾಟಲ್ಲಿದೆ, ತಗೊಳ್ಳಿ. ಏನಕ್ಕೆ?"

"ಒಣಗಿದಾಗ ಬಿರುಕು ಬಿಡದೆ ಇರಲಿ ಅಂತ."

"ಏನು?"

"ಮನೇದು."

"ನಾಳೆ ಬೆಳಗಿನ ಪಾಳಿ ಯಾರಿಗೆ ಅಂತ ಇನ್ನೂ ಹಾಕಿಲ್ಲ. ನಿಮಗೆ ಹಾಕ್ಲಾ?"

"ನೋಡಿ ಮೇಡಂ," ಎಂದ. ಅದನ್ನು ಹೌದೆಂದೂ ತಿಳಿಯಬಹುದಿತ್ತು, ಅಲ್ಲವೆಂದೂ ತಿಳಿಯಬಹುದಿತ್ತು. ಬಾಟಲಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದಾಗ ಕಾಲು ನೆಲಕ್ಕೆ ತಾಕುತ್ತಿರಲಿಲ್ಲ. ಬೀದಿಯ ಅಂಗಡಿಗಳ ಮುಂದೆ ನೇತುಬಿದ್ದ ಬಕೆಟ್ಟು, ಚೀಲ, ಚಪ್ಪಲಿ ಎಲ್ಲವನ್ನೂ ನೋಡುತ್ತ ನಡೆದ. ಇದನ್ನು ಬೆಳೆಸಬಹುದು. ಅದನ್ನೂ ಬೆಳೆಸಬಹುದು. ಒಂದು ಮನೆಗೆ ಬೇಕಾದದ್ದನ್ನೆಲ್ಲ ಮನೆಯೊಳಗೇ ಬೆಳೆಸಿಕೊಂಡರೆ ಮನುಷ್ಯ ಬಾಗಿಲು ದಾಟಬೇಕಾದದ್ದೇ ಇಲ್ಲ. ಈ ಯೋಚನೆ ಅವನಿಗೆ ಎಷ್ಟು ಹಿತವಾಯಿತೆಂದರೆ, ತನ್ನ ಮನೆಯ ತಿರುವು ದಾಟಿ ಮುಂದೆ ಹೋಗಿಬಿಟ್ಟಿದ್ದ.

*

ಹಾಲ್‌ನಲ್ಲಿ ಸೂಟ್‌ಕೇಸುಗಳು ಸಾಲಾಗಿ ನಿಂತಿದ್ದವು. ನೀಲಿಯದರ ಹಿಡಿಯನ್ನು ಉದ್ದಕ್ಕೆ ಎಳೆದು, ಮಗಳು ಅದಕ್ಕೆ ಅವನ ಕೋಟು ತೊಡಿಸಿ, ಮೇಲೊಂದು ಟೊಪ್ಪಿಗೆ ಸಿಕ್ಕಿಸಿದ್ದಳು.

"ಇದೇನಿದು?"

"ನೀನು," ಎಂದಳು. "ಅಮ್ಮ ಏನು ಕೇಳಿದ್ರೂ ಬಾಯಿಬಿಡಲ್ಲ. ಕರೆಕ್ಟಾಗಿದೆ."

ಹೆಂಡತಿ ಇನ್ನೊಂದು ಕಡೆ ತಿರುಗಿ ತುಟಿ ಕಚ್ಚಿಕೊಂಡಳು. ಅವನ ಬಟ್ಟೆಗಳನ್ನು ಅವಳೇ ಮಡಿಸಿ ತುಂಬಿದ್ದಳೆಂದು ತೋರಿತು. ಕಪಾಟಿನ ಬಾಗಿಲು ತೆರೆದೇ ಇತ್ತು, ಒಳಗೆ ಹ್ಯಾಂಗರುಗಳು ಮಾತ್ರ ತೂಗುತ್ತಿದ್ದವು.

"ಬಾ, ಬಾ," ಎಂದು ಮಗಳನ್ನು ಕರೆದ. "ಎತ್ತೋಣ. ಒಬ್ಬನ ಕೈಲಾಗಲ್ಲ."

"ನಿಜವಾಗ್ಲೂ ಇವತ್ತೇನಾ?"

"ಇವತ್ತೇ."

ಅವಳೂ ತೋಳು ಮಡಿಸಿಕೊಂಡು ಬಂದಳು. ಹದಿಮೂರರ ಹುಡುಗಿ, ಎಷ್ಟು ಬೇಡವೆಂದುಕೊಂಡರೂ ಕಣ್ಣು ಅರಳಿತ್ತು. ಅವನು ಒಂದು ಕಡೆ, ಅವಳು ಇನ್ನೊಂದು ಕಡೆ, ಚಹಾದೊಳಗೆ ಮೊಣಕೈತನಕ ಕೈ ಇಳಿಬಿಟ್ಟರು. "ಮೂರು ಅಂದಾಗ," ಎಂದ. ಎತ್ತಿದರು. ಭಾರವಾಗಿತ್ತು, ನೀರಿನಿಂದ ಎತ್ತಿದ ಮಗುವಿನಷ್ಟು. ಪೂರ್ತಿಯಾಗಿ ಎದ್ದು ಬಂತು. ಒಂದು ಕ್ಷಣ ಇಬ್ಬರೂ ಅದರ ಎರಡು ತುದಿ ಹಿಡಿದು, ಒಬ್ಬರನ್ನೊಬ್ಬರು ನೋಡಿ ಸುಮ್ಮನೆ ನಗುತ್ತಿದ್ದರು.

ಆಮೇಲೆ ಅದು ನಡುವೆ ಜಾರಿತು. ಕೆಳಗಿನ ಅರ್ಧ ಲೊಚಕ್ಕೆಂದು ಕಳಚಿಕೊಂಡು ಮಂಚದೊಳಗೆ ಬಿತ್ತು. ಇನ್ನೊಂದು ಪದರ ಅದರ ಹಿಂದೆಯೇ ಕಳಚಿತು.

"ಅಪ್ಪ, ಇದು ಒಂದಲ್ಲ."

ಅವನು ಬಗ್ಗಿ ನೋಡಿದ. ದಪ್ಪ ಹಾಳೆಯೆಂದು ಅವನು ತಿಳಿದದ್ದು ತೆಳು ಪೊರೆಗಳ ಕಟ್ಟಾಗಿತ್ತು. ಒಂದರ ಮೇಲೊಂದು ಮಲಗಿದ್ದವು, ಅಷ್ಟೆ. ಯಾವುದೂ ಯಾವುದನ್ನೂ ಹಿಡಿದುಕೊಂಡಿರಲಿಲ್ಲ.

"ಯಾಕೆ ಹೀಗಾಯ್ತು?"

ಅವನಿಗೆ ಗೊತ್ತಿತ್ತು. ಪೊರೆ ಅಲುಗಬಾರದು. ಒಂದು ಸಲ ಅದುಮಿದರೆ, ವಾಲಿಸಿದರೆ, ಅದು ಸ್ವಲ್ಪ ಮುಳುಗುತ್ತದೆ. ಮುಳುಗಿದ್ದರ ಮೇಲೆ ಆ ಜೀವಿಗಳು ಮತ್ತೆ ನೇಯುವುದಿಲ್ಲ; ಗಾಳಿ ತಾಕುವಲ್ಲಿ ಹೊಸದೊಂದನ್ನು ಮೊದಲಿನಿಂದ ಶುರುಮಾಡುತ್ತವೆ. ಓದಿದ್ದ. ಬೇರೆಯವರಿಗೆ ಹೇಳಿಯೂ ಇದ್ದ.

"ನೀನು ದಿನಾ ಮುಟ್ಟಿ ನೋಡ್ತಿದ್ದೆ," ಎಂದಳು ಮಗಳು. ಆಪಾದನೆಯಿರಲಿಲ್ಲ ದನಿಯಲ್ಲಿ. "ಹಾಲ್‌ನಲ್ಲಿ ಮಲಗಿದ್ರೆ ನಂಗೆ ಕೇಳ್ತಿತ್ತು, ರಾತ್ರಿ ನೀನು ಮೇಲೆ ಮುಚ್ಚಿದ ಪ್ಲಾಸ್ಟಿಕ್ ಸರಿಸೋದು. ನಾನು ನಿದ್ದೆ ಮಾಡ್ತಿದೀನೋ ಇಲ್ವೋ ಅಂತ ನೋಡೋಕೆ ಬಂದೆ ಅಂದ್ಕೋತಿದ್ದೆ ಮೊದಲು."

ಅವನು ಕಳಚಿದ ಪದರವೊಂದನ್ನು ಮಂಚದ ಅಂಚಿಗೆ ಎಳೆದುಕೊಂಡ.

"ಬ್ಯಾಗ್ ಆಗಲ್ಲ ಅಲ್ವ ಇದ್ರಲ್ಲಿ?"

"ಆಗಲ್ಲ."

"ಪರವಾಗಿಲ್ಲ. ಹಳೇದು ಚೆನ್ನಾಗೇ ಇದೆ." ಕೈ ಒರೆಸಿಕೊಂಡಳು. ಬಾಗಿಲ ಹತ್ತಿರ ನಿಂತು, "ನೀನು ಬರ್ತೀಯ ತಾನೆ?" ಎಂದಳು.

"ಬರದೆ ಏನು. ಕೈಗೆ ಅಂಟು ಉಳಿಯುತ್ತೆ, ಸೋಪು ಹಾಕ್ಕೋ."

ಅವಳು ಹೋದ ಮೇಲೆ ಅವನು ಕುಸಿದು ಕೂರಬೇಕಿತ್ತು. ಹಾಗಾಗಲಿಲ್ಲ. ಪದರಗಳನ್ನು ಒಂದೊಂದಾಗಿ ಸರಿಸುತ್ತ, ಎಲ್ಲಕ್ಕಿಂತ ಮೇಲಿನದಕ್ಕೆ ಬಂದ. ಕೊನೆಯದಾಗಿ ಬೆಳೆದದ್ದು. ಅದನ್ನು ಕಿಟಕಿಗೆ ಹಿಡಿದ.

ಒಂದು ತೂತಿಲ್ಲ. ಒಂದು ಗಂಟಿಲ್ಲ. ಕಿಟಕಿಯ ಸರಳುಗಳು ಅದರ ಹಿಂದೆ ಕರಗಿ, ಬೆಳಕು ಮಾತ್ರ ಉಳಿಯಿತು, ಬಿಸಿಹಾಲಿನ ಕೆನೆಯೊಳಗೆ ನಿಂತು ನೋಡಿದ ಹಾಗೆ. ಇಷ್ಟು ತೆಳುವಾದದ್ದನ್ನು, ಇಷ್ಟು ದೊಡ್ಡದನ್ನು ಅವನು ಹಿಂದೆಂದೂ ಬೆಳೆಸಿರಲಿಲ್ಲ. ಅವನಿಗೆ ಮೈ ಜುಮ್ಮೆಂದಿತು. ಬ್ಯಾಗು ಯಾಕೆ ಬೇಕಿತ್ತು? ಯಾರು ಕೇಳಿದ್ದರು ಬ್ಯಾಗು? ಬೇಕಾದದ್ದು ಇದೇ ಆಗಿತ್ತು. ಅವನ ದಡ್ಡತನವೇ ಅವನಿಗೆ ಇದನ್ನು ಮಾಡಿಕೊಟ್ಟಿತ್ತು.

ಈಗಲೇ ಬಿಗಿದು ಒಣಗಿಸಬೇಕು. ಬಿಟ್ಟರೆ ಮುದುಡಿ ಸುಕ್ಕಾಗುತ್ತದೆ, ಸುಕ್ಕಾದದ್ದು ಮತ್ತೆ ಬಿಚ್ಚುವುದಿಲ್ಲ. ಇಷ್ಟಗಲದ ಹಲಗೆ ಮನೆಯಲ್ಲಿರಲಿಲ್ಲ. ಅವನು ಸುತ್ತ ನೋಡಿದ. ಬಾಗಿಲು ಕಂಡಿತು. ಮಂಚದಷ್ಟೇ ಅಗಲದ ಮರದ ಚೌಕಟ್ಟು. ಹಸಿ ಪೊರೆ ಮರಕ್ಕೆ ತಾನೇ ಅಂಟುತ್ತದೆ, ಮೊಳೆ ಬೇಡ, ಅಂಟು ಬೇಡ.

ಟವೆಲ್ಲಿನಿಂದ ನೀರು ಹಿಂಡಿ ತೆಗೆದ. ಗ್ಲಿಸರಿನ್ ಸವರಿದ, ಮಗುವಿಗೆ ಎಣ್ಣೆ ಹಚ್ಚುವಷ್ಟು ಮೃದುವಾಗಿ. ಹಾಲ್‌ನಲ್ಲಿ ಸಾಮಾನು ಸಾಗಿಸುವವರ ಮೈ ತಾಗದಿರಲೆಂದು ಕೋಣೆಯ ಒಳಗಿನಿಂದಲೇ ಚೌಕಟ್ಟಿಗೆ ಹಚ್ಚುವುದೆಂದು ನಿರ್ಧರಿಸಿದ. ಕುರ್ಚಿ ಹತ್ತಿ, ಮೇಲಿನ ಅಂಚನ್ನು ಚೌಕಟ್ಟಿಗೆ ಒತ್ತಿದ. ಆಮೇಲೆ ಎರಡೂ ಬದಿ, ಬೆರಳಿನಿಂದ ಬೆರಳಿಗೆ, ಗಾಳಿ ಉಳಿಯದ ಹಾಗೆ. ಹಿಡಿಯಿತು. ಬಾಗಿಲಿನ ಉದ್ದಕ್ಕೆ ಪೊರೆ ಸಾಲದೆ, ಕೆಳಗೆ ಒಂದು ಮೊಳದಷ್ಟು ಜಾಗ ಉಳಿಯಿತು. ಫ್ಯಾನು ಜೋರಾಗಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ.

ಹಾಲ್‌ನ ಕಿಟಕಿ ಪಶ್ಚಿಮಕ್ಕಿತ್ತು. ಇಳಿಬಿಸಿಲು ಪೊರೆಯ ಮೇಲೆ ಬಿದ್ದು ಇಡೀ ಬಾಗಿಲು ಹೊತ್ತಿಕೊಂಡ ದೀಪದಂತಿತ್ತು. ಆಚೆ ನಡೆದಾಡುವವರ ನೆರಳುಗಳು ಅದರ ಮೇಲೆ ದೊಡ್ಡದಾಗಿ, ಮೆತ್ತಗೆ ಹಾದುಹೋಗುತ್ತಿದ್ದವು. ಅವನು ಚಪ್ಪಾಳೆ ತಟ್ಟಿದ.

*

"ಭಾವ, ರೆಡಿನಾ?" ಹೆಂಡತಿಯ ತಮ್ಮ ಕಾರು ತಂದಿದ್ದ. ಅವನ ಅಗಲವಾದ ನೆರಳು ಬಾಗಿಲಿಗೆ ಬಂದು ನಿಂತಿತು. "ಇದೇನು ಭಾವ, ಬಾಗಿಲಿಗೆ ಹಪ್ಪಳ ಅಂಟಿಸಿದೀರಿ?"

"ಮುಟ್ಟಬೇಡ. ಹಸಿ ಇದೆ."

"ಮುಟ್ಟಲ್ಲ. ಬಾಗಿಲು ಇದೊಂದೇ ಅಲ್ವ ಕೋಣೆಗೆ?"

"ಹೌದು."

"ಕಿಟಕಿಗೆ ಸರಳಿದೆ."

"ಇದೆ."

"ಮತ್ತೆ ವಿಜ್ಞಾನಿಗಳು ಈಚೆ ಹೆಂಗೆ ಬರ್ತಾರೆ?"

ಅವನಿಗೆ ಆಗಲೇ ಅದು ಹೊಳೆದದ್ದು. ಹೊಳೆದ ಕೂಡಲೇ ನಗು ಬಂತು. ಆಚೆಯೂ ನಗು ಕೇಳಿಸಿತು. ಮಗಳದೂ ಇತ್ತು ಅದರಲ್ಲಿ. ಸ್ವಲ್ಪ ಹೊತ್ತು ಎಲ್ಲರೂ ಸೇರಿ ನಕ್ಕರು. ಎಷ್ಟೋ ದಿನದ ಮೇಲೆ ಮನೆಯಲ್ಲಿ ಇಷ್ಟು ನಗು.

"ಒಂದು ಬದಿ ಬಿಚ್ಚಿ ಭಾವ, ಮತ್ತೆ ಅಂಟಿಸಿದ್ರಾಯ್ತು."

"ಬಿಚ್ಚಿದ್ರೆ ಮುದುಡಿಹೋಗುತ್ತೆ. ನಾಳೆ ಹೊತ್ತಿಗೆ ಒಣಗುತ್ತೆ."

ನಗು ನಿಂತಿತು. ತಮ್ಮ "ನಾನು ಸಾಮಾನು ಇಳಿಸ್ತೀನಿ ಅಕ್ಕ," ಎಂದು ಸರಿದುಹೋದ. ಅವನ ಜಾಗಕ್ಕೆ ತೆಳ್ಳಗಿನ ನೆರಳೊಂದು ಬಂತು. ಕೆಳಗಿನ ಸಂದಿಯಿಂದ ಒಂದು ತಟ್ಟೆ ಒಳಕ್ಕೆ ಜಾರಿಬಂತು. ಊಟ. ಹೆಂಡತಿಯ ಬೆರಳುಗಳು ಕಂಡು, ಮತ್ತೆ ಕಾಣದಾದವು.

"ಮಧ್ಯಾಹ್ನ ಊಟ ಮಾಡಿಲ್ಲ ನೀವು."

"ಮರೆತೇಹೋಯ್ತು. ನೋಡಿದ್ಯಾ ಇದನ್ನ? ಆ ಕಡೆಯಿಂದ ಹೇಗೆ ಕಾಣುತ್ತೆ?"

"ಚೆನ್ನಾಗಿದೆ." ನೆರಳು ಒಂದು ಹೆಜ್ಜೆ ಹಿಂದೆ ಸರಿಯಿತು. "ಮೇಡಂ ಫೋನ್ ಮಾಡಿದ್ರು. ನಾಳೆ ಬೆಳಗಿನ ಪಾಳಿ ನಿಮಗೇ ಹಾಕಿದಾರಂತೆ," ಎಂದಳು.

ಫ್ಯಾನಿನ ಗಾಳಿಗೆ ಪೊರೆ ಒಂದಿಷ್ಟು ಉಬ್ಬಿ ಇಳಿಯಿತು.

"ಹೇಳ್ಬೇಕು ಅಂತಾನೇ ಹೋಗಿದ್ದೆ."

"ಗೊತ್ತು."

"ಸಿಟ್ಟಾ?"

"ಇಲ್ಲ ರೀ." ಅವಳ ದನಿ ಹತ್ತಿರವಾಯಿತು. "ಇದನ್ನ ಹರ್ಕೊಂಡು ಬನ್ನಿ. ಇನ್ನೂ ಹೊತ್ತಿದೆ. ಅಲ್ಲೂ ಒಂದು ಕೋಣೆಯಿದೆ, ಬೇಕಾದಷ್ಟು ಬೆಳೆಸ್ಕೊಳ್ಳಿ. ನಾನೇನೂ ಅನ್ನಲ್ಲ. ಈಗ ಇದನ್ನ ಹರೀರಿ, ಸಾಕು."

ಅವನು ಕೈ ಎತ್ತಿದ. ಎತ್ತಿದ್ದು ನಿಜ. ಬೆರಳ ತುದಿ ಪೊರೆಯ ಹತ್ತಿರ ಹೋದಾಗ ಅದರ ತಣ್ಣನೆಯ ಉಸಿರು ತಾಗಿತು. ಅಂಚುಗಳಲ್ಲಿ ಅದು ಒಣಗಲು ಶುರುವಾಗಿ, ಚೌಕಟ್ಟನ್ನು ಹಿಡಿದು ಸಣ್ಣಗೆ ಚಿಟಿಚಿಟಿ ಎನ್ನುತ್ತಿತ್ತು. ಎಷ್ಟು ಸರಿಯಾಗಿ ಬಿಗಿಯುತ್ತಿದೆ ಎಂದುಕೊಂಡ. ಎಷ್ಟು ಚೆಂದ ಬಿಗಿಯುತ್ತಿದೆ.

"ನೀವು ನಡೀರಿ. ನಾನು ಇದು ಒಣಗಿದ ಮೇಲೆ..."

ಅವಳು ಪೂರ್ತಿ ಕೇಳಿಸಿಕೊಂಡಳೋ ಇಲ್ಲವೋ, ನೆರಳು ಅಲ್ಲಿರಲಿಲ್ಲ. ಸೂಟ್‌ಕೇಸಿನ ಗಾಲಿಗಳು ನೆಲದ ಮೇಲೆ ಉರುಳಿದ ಸದ್ದು. ಯಾವುದನ್ನು ಒಯ್ದರು, ಯಾವುದನ್ನು ಬಿಟ್ಟರು?

"ಅಪ್ಪ, ಕೆಳಗಿಂದ ತೂರ್ಕೊಂಡು ಬಾ. ಮಲಗಿದ್ರೆ ಆಗುತ್ತೆ. ನಾನು ಎಳೀತೀನಿ," ಮಗಳ ದನಿ.

"ಬೆನ್ನು ತಾಗುತ್ತೆ ಕಂದ."

ಪೊರೆಯ ನಡುವೆ, ಅವನ ಎದೆಯ ಎತ್ತರಕ್ಕೆ, ಐದು ಬೆರಳಿನ ಒಂದು ಅಂಗೈ ಮೂಡಿತು. ಒತ್ತಿತು. ಪೊರೆ ಅವನ ಕಡೆಗೆ ಹಿಗ್ಗಿ, ಕೈಗೆ ಗವಸು ತೊಡಿಸಿದಂತೆ ಪ್ರತಿ ಬೆರಳಿಗೂ ಸುತ್ತಿಕೊಂಡಿತು. ಇನ್ನೊಂದಿಷ್ಟು ಒತ್ತಿತು.

"ಮುಟ್ಟಬೇಡ," ಎಂದ. ಆಮೇಲೆ ಉಸಿರು ಹಿಡಿದು ನೋಡಿದ. ಈಗ ಹರಿಯುತ್ತದೆ, ಈಗ.

ಕೈ ಹಿಂದೆ ಸರಿಯಿತು. ಅಂಗೈ ಹಾಗೆಯೇ ಉಳಿಯಿತು.

"ಹರಿಯಲಿಲ್ಲ!" ಎಂದು ಕೂಗಿದ. ಅವನಿಗೆ ಕುಣಿಯಬೇಕೆನ್ನಿಸಿತು. "ನೋಡು, ಅಷ್ಟು ಒತ್ತಿದ್ರೂ ಹರಿಯಲಿಲ್ಲ. ನೋಡಿದ್ಯಾ?"

ಕೆಳಗೆ ಬೀದಿಯಲ್ಲಿ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಯಾರದೋ ಕಾರು. ಬಿಸಿಲು ಇನ್ನೂ ಪೊರೆಯ ಮೇಲಿತ್ತು. ಅದರ ನಡುವೆ ಒಂದು ನೆರಳು ಅಲುಗದೆ ನಿಂತಿತ್ತು. ತಲೆಯಿತ್ತು, ಹೆಗಲಿತ್ತು. ಮಗಳಷ್ಟೇ ಎತ್ತರ. ಅಥವಾ ಕೋಟು ತೊಟ್ಟು ಟೊಪ್ಪಿಗೆ ಹಾಕಿಕೊಂಡ ಸೂಟ್‌ಕೇಸಿನಷ್ಟು.

ಬಗ್ಗಿ ಸಂದಿಯಲ್ಲಿ ನೋಡಿದರೆ ಗೊತ್ತಾಗುತ್ತಿತ್ತು, ಇರುವುದು ಪಾದಗಳೋ ಗಾಲಿಗಳೋ ಎಂದು. ತಟ್ಟೆ ಅಲ್ಲೇ ಇತ್ತು, ಬಗ್ಗುವುದಕ್ಕೆ ಒಂದು ನೆಪವೂ ಇತ್ತು.

ಅವನು ಬಗ್ಗಲಿಲ್ಲ. ಕುರ್ಚಿಯನ್ನು ಬಾಗಿಲಿನ ಎದುರಿಗೆ ಎಳೆದುಕೊಂಡು ಕೂತ. ಪೊರೆಯ ಮೇಲೆ ಉಳಿದ ಅಂಗೈ ಬೆರಳುಗಳ ತುದಿಯಿಂದ ಒಣಗುತ್ತ, ಬಿಳಿಯಾಗುತ್ತ ಬರುತ್ತಿತ್ತು.

"ಸ್ವಲ್ಪ ಹೊತ್ತು ಹಾಗೇ ಅಲ್ಲಾಡದೆ ನಿಂತಿರು," ಎಂದ ನೆರಳಿಗೆ. "ಇದು ಹೇಗೆ ಆಯ್ತು ಅಂತ ಮೊದಲಿಂದ ಹೇಳ್ತೀನಿ."

ನೆರಳು ಅಲ್ಲಾಡದೆ ನಿಂತಿತ್ತು.